ನಾನು ಕತ್ತರಿಸದ ದೃಶ್ಯಗಳು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ. ಎಡಗಡೆ ಮಾನಿಟರಿನಲ್ಲಿ ವಿದೇಶಿ ಸಿನಿಮಾ, ಬಲಗಡೆ ನಮ್ಮ ರೀಮೇಕು. ಭಾವನ ಕುರ್ಚಿ ನನ್ನ ಬೆನ್ನಿಗೇ ಅಂಟಿಕೊಂಡಿದೆ. ಅಕ್ಕನ ಗಂಡ; ಅವರು ನಿರ್ದೇಶಕರು, ನಾನು ಎಡಿಟರ್. ಬಾಯಲ್ಲಿ ಒಂದೇ ಮಾತು — "ಅಲ್ಲಿ ಹೇಗಿದ್ಯೋ ಹಾಗೇ ಇರ್ಲಮ್ಮ." ಇಡೀ ಲೋಕ ಹೊಗಳಿದ ಥ್ರಿಲ್ಲರ್. ಅಲ್ಲಿಯ ನಾಯಕಿ ಸುಮ್ಮನೆ ನಿಂತರೆ ಎದೆ ನಡುಗುತ್ತದೆ. ನಮ್ಮವಳು ನಿಂತರೆ ಡೈಲಾಗ್ ಮರೆತಂತೆ ಕಾಣುತ್ತದೆ.

ಮಾರ್ಚ್ 5

ಒಂದು ವಿಷಯ ತಲೆ ತಿನ್ನುತ್ತಿದೆ. ನಾಯಕಿ ತನ್ನ ಡಾಕ್ಟರ್ ಗಂಡನ ಕೋಟನ್ನು ಏಕೆ ಸುಡುತ್ತಾಳೆ? ಕಥೆ ನಿಂತಿರುವುದೇ ಆ ಕೋಟಿನ ಮೇಲೆ. ಕಾರಣ ಎಲ್ಲೂ ಇಲ್ಲ. ಕೇಳಿದೆ.

"ಅದೇ ಕಣಮ್ಮ ಸಸ್ಪೆನ್ಸ್!"

ಸಸ್ಪೆನ್ಸ್ ಅಲ್ಲ, ತೂತು.

ಮಾರ್ಚ್ 9, ಮಧ್ಯಾಹ್ನ

ನಾನೇ ಹುಡುಕಿ ಮೂಲ ಸಿನಿಮಾ ಪೂರ್ತಿ ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಟಿನ ಜೇಬಿನಲ್ಲಿ ಕೊಲೆಯಾದ ಹುಡುಗಿಯ ಕಿವಿಯೋಲೆ ಸಿಗುವುದು, ಗಂಡನೇ ಕೊಲೆಗಾರ ಎಂದು ಗೊತ್ತಾದ ಮೇಲೂ ಅವಳು ಅವನಿಗೆ ಊಟ ಬಡಿಸುವುದು... ಎಲ್ಲ ಇದೆ. ಭಾವ ಎಲ್ಲಿಂದಲೋ ತಂದಿಟ್ಟುಕೊಂಡದ್ದು ವಿಮಾನದಲ್ಲಿ ತೋರಿಸಲೆಂದು ಕತ್ತರಿಸಿದ ಪ್ರತಿ! ಪ್ರಯಾಣಿಕರು ಹೆದರದಿರಲಿ ಎಂದು ಯಾರೋ ಮೊಟಕುಗೊಳಿಸಿದ್ದನ್ನು ನಮ್ಮವರು ಶಾಟ್ ಬಿಡದೆ ಭಟ್ಟಿ ಇಳಿಸಿದ್ದಾರೆ.

ತೋರಿಸಿದೆ. ಭಾವನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಹೀರೋಯಿನ್ ಡೇಟ್ಸ್ ಮುಗಿದ್ಹೋಯ್ತು. ಈಗ ಶೂಟ್ ಮಾಡೋಕಾಗಲ್ಲ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಬಿಡಲಿಲ್ಲ. ನನ್ನ ಬುದ್ಧಿಗಿಷ್ಟು!

ಏಪ್ರಿಲ್ 18

ಬಿಡುಗಡೆ. ಕೋಟು ಉರಿಯುವಾಗ ಹಿಂದಿನ ಸಾಲಿನವನೊಬ್ಬ, "ಕೊಳೆ ಹೋಗ್ಲಿಲ್ಲ ಅನ್ಸುತ್ತೆ" ಎಂದ. ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ನಮ್ಮ ಸಿನಿಮಾದಲ್ಲಿ ಅಷ್ಟು ಒಳ್ಳೆಯ ಡೈಲಾಗ್ ಒಂದೂ ಇಲ್ಲ.

ಏಪ್ರಿಲ್ 20

ವಿಮರ್ಶೆಗಳು ಬಂದವು. "ಎಡಿಟರ್ ಕತ್ತರಿಗೆ ಕಥೆಯೇ ಬಲಿ." ಮೂಲ ನೋಡಿದವರು, ಆ ದೃಶ್ಯಗಳನ್ನು ನಾನೇ ಕತ್ತರಿಸಿ ಎಸೆದೆ ಎಂದುಕೊಂಡಿದ್ದಾರೆ. ಸಂಜೆ ಟಿವಿಯಲ್ಲಿ ಭಾವ, ನಿಟ್ಟುಸಿರು ಬೇರೆ — "ಆ ಸೀನ್‌ಗಳನ್ನ ತುಂಬಾ ಚೆನ್ನಾಗಿ ಶೂಟ್ ಮಾಡಿದ್ವಿ. ಎಡಿಟಿಂಗ್‌ನಲ್ಲಿ ಹೋಯ್ತು."

ನೀಚ. ಇನ್ನು ಮೇಲೆ ಈ ಪುಟಗಳಲ್ಲಿ ಅವನಿಗೆ ಬಹುವಚನ ಇಲ್ಲ.

ಏಪ್ರಿಲ್ 24

ಒಪ್ಪಿಕೊಂಡಿದ್ದ ಮುಂದಿನ ಚಿತ್ರ ಕೈತಪ್ಪಿತು. "ಬೇರೆಯವ್ರನ್ನ ನೋಡ್ಕೊಂಡಿದೀವಿ ಮೇಡಂ." ಇಷ್ಟು ವರ್ಷ ಕಣ್ಣು ಸವೆಸಿದ್ದು ಇದಕ್ಕಾ? ನಾಳೆ ಸಂದರ್ಶನಕ್ಕೆಂದು ಪತ್ರಿಕೆಯವಳೊಬ್ಬಳು ಫೋನ್ ಮಾಡುತ್ತಾಳೆ. ಎಲ್ಲ ಹೇಳುತ್ತೇನೆ. ಶೂಟ್ ಆದದ್ದಷ್ಟೂ ಹಾರ್ಡ್‌ಡಿಸ್ಕಿನಲ್ಲಿದೆ, ಬಂದು ನೋಡಲಿ.

ಏಪ್ರಿಲ್ 25, ಬೆಳಿಗ್ಗೆ

ಅಕ್ಕ ಬಂದು ಹಾಲ್‌ನಲ್ಲಿ ಕೂತಿದ್ದಾಳೆ. ವಿಮಾನದ ಪ್ರತಿಯ ಕಥೆ ಅವಳಿಗೆ ಮೊದಲೇ ಗೊತ್ತಂತೆ. ಪತ್ರಿಕೆಯವಳಿಗೆ ಎಲ್ಲ ಹೇಳುತ್ತೇನೆ ಎಂದೆ.

"ಸುಮ್ನಿರೇ. ಅವ್ರ ಹೆಸರು ಕೆಟ್ರೆ ಮತ್ತೆ ಯಾರೂ ಸಿನಿಮಾ ಕೊಡಲ್ಲ."

"ನನ್ನ ಹೆಸರು?"

"ಎಡಿಟರ್ ಹೆಸರನ್ನ ಯಾರೇ ಓದ್ತಾರೆ?"

ನನ್ನನ್ನು ಎತ್ತಿ ಆಡಿಸಿದವಳು. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಗೀಚುತ್ತಿದ್ದೇನೆ. ಫೋನ್ ಹೊಡೆದುಕೊಳ್ಳುತ್ತಿದೆ. ಹಾಲ್‌ನಲ್ಲೇ ಬಿಟ್ಟು ಬಂದಿದ್ದೇನೆ.

ನಿಂತಿತು. ಅಕ್ಕ ಎತ್ತಿದಳು.

"ಹೌದು, ಎಡಿಟರ್ರೇ ಮಾತಾಡ್ತಿರೋದು," ಎನ್ನುತ್ತಿದ್ದಾಳೆ. "ಹೌದು ಮೇಡಂ, ಆ ಸೀನ್‌ಗಳನ್ನ ನಾನೇ —