ನಮ್ಮ ಮನೆಯ ಪಾಳಿ

ತಾಲ್‌ದಾಂಡಾ, ಲಮ್ಜುಂಗ್
ಭಾದ್ರ ೨೦, ವಿಕ್ರಮ ಸಂವತ್ ೨೦೬೮

ಪ್ರೀತಿಯ ಕಾಂಛಿ,

ನಾನೂ ನಿನ್ನ ಅಪ್ಪನೂ ಆರಾಮವಾಗಿದ್ದೇವೆ. ರಾಗಿ ನಾಟಿ ಮುಗಿಯುವವರೆಗೆ ಪೆನ್ನು ಹಿಡಿಯಲು ಬಿಡುವಾಗಲಿಲ್ಲ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನು ಮಾಡೋಣವೆಂದರೆ ‘ಆಮಾ, ಹೋಟೆಲಿಗೆ ಜನ ಬಂದ್ರು’ ಎಂದು ಇಟ್ಟುಬಿಡುತ್ತೀಯ. ಈ ಸಲವೂ ದಶೈಂ ಹಬ್ಬಕ್ಕೆ ರಜೆ ಕೊಡುವುದಿಲ್ಲವೆಂದು ಬರೆದಿದ್ದೀಯ. ಆಗಲಿ, ಕೆಲಸವೆಂದರೆ ಕೆಲಸ.

ನಮ್ಮೂರು ಈಗ ಸರ್ಕಾರದ ಪಟ್ಟಿಗೆ ಸೇರಿದ ಹೋಮ್‌ಸ್ಟೇ ಊರು. ಮನೆಮನೆಗೂ ಕಕ್ಕಸು, ಹಾಸಿಗೆಗಳಿಗೆ ಅನುದಾನ ಬಂತು. ತರಬೇತಿಯೂ ಆಯಿತು. ಕಠ್ಮಂಡುವಿನಿಂದ ಬಂದ ಹುಡುಗಿ ನನ್ನನ್ನೇ ಎದ್ದು ನಿಲ್ಲಿಸಿ, “ಆಮಾ, ಅತಿಥಿ ಬಂದಾಗ ಸ್ವಲ್ಪ ನಗ್ತಾ ಮಾತಾಡ್ಬೇಕು” ಅಂದಳು.

“ನಗು ಬಂದ್ರೆ ನಗ್ತೀನಿ ಮಗಾ. ಸರ್ಕಾರ ಹಾಸಿಗೆ ಕೊಡ್ಲಿ, ಹೊದಿಕೆ ಕೊಡ್ಲಿ. ನನ್ನ ಹಲ್ಲಿನ ಉಸಾಬರಿ ಅದಕ್ಯಾಕೆ?” ಅಂದೆ. ನಿನ್ನ ಅಪ್ಪ ಹಿಂದೆ ಕೂತು ಕೆಮ್ಮಿದ ಹಾಗೆ ಮಾಡಿ ನಕ್ಕರು.

ಬಂದವರನ್ನು ಯಾವ ಮನೆಗೆ ಕಳಿಸಬೇಕೆಂದು ನಮ್ಮೂರ ತಾಯಂದಿರ ಗುಂಪು, ಆಮಾ ಸಮೂಹವೇ ಪಾಳಿ ಪ್ರಕಾರ ಹೇಳುತ್ತದೆ. ಅಧ್ಯಕ್ಷೆ ನಾನೇ. ಹಿಮಾಲಯ ಚೆನ್ನಾಗಿ ಕಾಣುವ ಮನೆಯೇ ಬೇಕೆಂದು ಯಾರು ಹಟ ಹಿಡಿದರೂ ಪಾಳಿ ತಪ್ಪಿಸಲು ಬಿಟ್ಟಿಲ್ಲ.

ಆದರೆ ಸರ್ಕಾರದ ಕಡೆಯಿಂದ ಮನೆಗಳನ್ನು ನೋಡಲು ಬಂದ ಸುಬೇದಿ ಬಾಬು ನಮ್ಮ ಬಾಗಿಲಲ್ಲೇ ತಲೆ ಕೆರೆದುಕೊಂಡರು. “ಅತಿಥೀಗೇ ಅಂತ ಬೇರೆ ಕೋಣೆ ಇರ್ಬೇಕು ಆಮಾ. ಇಲ್ದಿದ್ರೆ ನಿಮ್ಮನೆ ಪಾಳೀಗೆ ಸೇರಲ್ಲ.” ನಿನ್ನ ಚಿಕ್ಕಮ್ಮ ಧನಕಲಿಗೆ ಅಷ್ಟೇ ಸಾಕಾಯಿತು. ನಲ್ಲಿಯ ಹತ್ತಿರ ನಿಂತು, “ಅಧ್ಯಕ್ಷೆ ಮನೇಗೇ ಅತಿಥಿ ಇಲ್ವಂತೆ! ನಮ್ಮನೇಗೆ ಬಂದೋರ್ನ ಆಗಾಗ ಕಳಿಸ್ತೀನಿ, ನೋಡ್ಕೊಂಡು ಖುಷಿಪಡ್ಲಿ” ಅಂದಳಂತೆ.

ಅದೇ ಸಂಜೆ ನಿನ್ನ ಕೋಣೆಯ ಬೀಗ ತೆಗೆದೆ. ನಿನ್ನ ಅಪ್ಪ, “ಕಾಂಛೀನ ಒಂದ್ಮಾತು ಕೇಳ್ಬಾರ್ದಾ?” ಅಂದರು.

“ನನ್ನ ಮನೆ ಕೋಣೇಗೆ ನಾನ್ಯಾರನ್ನ ಕೇಳ್ಲಿ?” ಅಂದೆ. ಈಗಲೂ ತಿಳಿಸುತ್ತಿದ್ದೇನೆ, ಕೇಳುತ್ತಿಲ್ಲ. ನಿನ್ನ ಶಾಲೆಯ ಬಟ್ಟೆ, ಪುಸ್ತಕಗಳೆಲ್ಲ ಅಟ್ಟದ ಪೆಟ್ಟಿಗೆಯಲ್ಲಿ ಜೋಪಾನವಾಗಿವೆ.

ಮಳೆಗೆ ಮುಂಚೆ ಆ ಕೋಣೆಗೆ ಬಹಳ ಜನ ಬಂದು ಹೋದರು. ಬುಟ್ವಲ್‌ನ ಮೇಷ್ಟರೊಬ್ಬರು ನನ್ನ ಒಣಸೊಪ್ಪಿನ ಗುಂದ್ರುಕ್ ಸಾರನ್ನು ಮೂರು ಸಲ ಹಾಕಿಸಿಕೊಂಡರು. ಒಬ್ಬ ವಿದೇಶಿ ಹುಡುಗಿ ಹೊರಡುವಾಗ ಹಣೆಗೆ ಟೀಕಾ ಇಟ್ಟರೆ, “ಆಮಾ, ಆಮಾ” ಎಂದು ನನ್ನ ಕೊರಳು ತಬ್ಬಿ ಅತ್ತಳು. ಆಗ ನಕ್ಕೆ. ತರಬೇತಿಯ ಹುಡುಗಿ ನೋಡಬೇಕಿತ್ತು. ಮನೆಯಲ್ಲಿ ಮತ್ತೆ ಮಾತುಕತೆ ಕೇಳಿಸುತ್ತಿದೆ, ಕಾಂಛಿ. ಅದಕ್ಕಾದರೂ ಸರ್ಕಾರವನ್ನು ಹೊಗಳಬೇಕು.

ಹೊತ್ತುಹೊತ್ತಿಗೆ ಉಣ್ಣು. ನಿನ್ನ ಹೋಟೆಲಿನ ಮುಂದಿನ ಸರೋವರದ ಗಾಳಿಗೆ ತಲೆ ಒಡ್ಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಆಮಾ,
ಯಮ್‌ಕುಮಾರಿ ಗುರುಂಗ್

ತಾ.ಕ.: ದಶೈಂಗೆ ಊರು ತುಂಬ ಅತಿಥಿಗಳಂತೆ. ಹೋದ ವರ್ಷ, ಅದರ ಹಿಂದಿನ ವರ್ಷ ನಿನ್ನ ಹಣೆಗೆಂದು ಕಲಸಿದ ಮೊಸರಕ್ಕಿ ತಟ್ಟೆಯಲ್ಲೇ ಒಣಗಿತು. ಈ ಸಲ ಹಿರಿಯರು ಟೀಕಾ ಇಡುವ ದಿನವೇ ನಮ್ಮ ಮನೆಯ ಪಾಳಿ ಬಂದಿದೆ. ನಿನ್ನೆ ಧನಕಲಿಯನ್ನು ಕರೆದು, “ನಮ್ಮ ಪಾಳಿ ನೀನೇ ತಗೋ” ಅಂದೆ. ಅವಳು ಕಣ್ಣರಳಿಸಿ, “ಯಾಕೆ ದಿದೀ, ಕಾಂಛಿ ಬರ್ತಾಳಾ?” ಅಂದಳು.

ಹೂಂ ಅಂದುಬಿಟ್ಟಿದ್ದೇನೆ.