ನಿಮ್ಮಪ್ಪನ ಅರ್ಧ ಗಂಟೆ

ಹೊಳೆನರಸೀಪುರ,
18 ನವೆಂಬರ್ 2024, ಸೋಮವಾರ

ಪ್ರೀತಿಯ ಮಗಳು ಮೇಘಶ್ರೀಗೆ ಅಮ್ಮ ಮಾಡೋ ಆಶೀರ್ವಾದ.

ಹೇಗಿದೀಯ ಕಂದ? ತಲೆನೋವು ಕಮ್ಮಿ ಆಯ್ತಾ? ಕುವೈತಲ್ಲಿ ಈಗಲಾದರೂ ಬಿಸಿಲು ಇಳಿದಿದೆಯಾ? ನೀನು ಹೊತ್ತಿಗೆ ಸರಿಯಾಗಿ ಉಣ್ತಿಲ್ಲ ಅಂತ ಮಾನ್ಯ ಹೇಳಿದಳು. ನಿನ್ನ ಜೊತೆ ಅದೇ ವಾರ್ಡಲ್ಲಿ ನರ್ಸು ಅಂತ ಗೊತ್ತಿತ್ತು, ಮುಖ ನೋಡಿರಲಿಲ್ಲ. ರಜಕ್ಕೆ ಅರಕಲಗೂಡಿಗೆ ಬಂದಿದ್ದೋಳು ಹೋದ ವಾರ ಮನೆ ಹುಡುಕಿಕೊಂಡು ಬಂದಳು. ಡ್ಯೂಟಿ ಮುಗಿಸಿ ರೂಮಿಗೆ ಬಂದರೆ ಗೋಡೆ ಕಡೆ ತಿರುಗಿ ಮಲಗಿಬಿಡ್ತೀಯಂತೆ. ನಾನು ಚೆನ್ನಾಗಿದೀನಿ ಅಂತ ಬರೆದರೆ ನೀನು ನಂಬಲ್ಲ, ಅದಕ್ಕೆ ಇದ್ದದ್ದು ಬರೀತೀನಿ. ಮಂಡಿನೋವು ಇದೆ. ಅಂಗನವಾಡಿಗೆ ಹೋಗಿ ಬರ್ತೀನಿ, ಮಕ್ಕಳ ಗಲಾಟೆಯಲ್ಲಿ ಮಧ್ಯಾಹ್ನದವರೆಗೆ ಕಳೆಯುತ್ತೆ. ಆಮೇಲೆ ಕಳೆಯಲ್ಲ. ಒಂಬತ್ತು ವಾರದಿಂದ ನೀನು ನನ್ನ ಫೋನ್ ಎತ್ತಿಲ್ಲ. 'ಡ್ಯೂಟಿಲಿದೀನಿ' ಅಂತ ಒಂದು ಸಾಲು ಕಳಿಸ್ತೀಯ, ಅಷ್ಟೆ. ಮಾನ್ಯ ಇವತ್ತು ವಾಪಸ್ ಹೊರಟಿದಾಳೆ, ಬೆಂಗಳೂರಿಗೆ ಹೋಗೋ ದಾರಿಯಲ್ಲಿ ಇಳಿದು ಕಾಗದ ಇಸ್ಕೊಂಡು ಹೋಗ್ತೀನಿ ಅಂದಳು. ಅದಕ್ಕೇ ಬೆಳಗ್ಗೆಯಿಂದ ಕೂತು ಬರೀತಿದೀನಿ.

ಆ ಟಿವಿ ರೆಕಾರ್ಡಿನ ಡಬ್ಬದ ವಿಷಯವೇ ಬರೀಬೇಕಾಗಿರೋದು. ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ ನೀನು ಅದನ್ನ ಹಾಸನದ ಸಿದ್ದೇಶ್ವರನ ಅಂಗಡಿಯಿಂದ ತಂದೆ. ಟಿವಿಗೆ ಜೋಡಿಸಿ, ಮನೆಗೆ ಇಂಟರ್ನೆಟ್ ಹಾಕಿಸಿ, ನಿನ್ನ ಫೋನಿಗೆ ಸೇರಿಸಿಕೊಂಡೆ. ಇಲ್ಲಿ ರೆಕಾರ್ಡ್ ಆಗಿದ್ದನ್ನ ಕುವೈತಲ್ಲಿ ಕೂತು ನೋಡಬಹುದು ಅಂದಾಗ ನಿಮ್ಮಪ್ಪ ನಂಬಲೇ ಇಲ್ಲ. ನೀನು ಹೋದ ವಾರಕ್ಕೆ, ಅಲ್ಲಿಂದಲೇ ನಿನ್ನ ಧಾರಾವಾಹಿ ರೆಕಾರ್ಡಿಗೆ ಹಾಕಿದೆ, ಇಲ್ಲಿ ಡಬ್ಬದಲ್ಲಿ ಕೆಂಪು ದೀಪ ಹತ್ತಿಕೊಂಡಿತು. 'ಬಾರೆ ಶಾಂತ, ಮೇಘಾ ಬಂದವ್ಳೆ' ಅಂತ ಕೂಗಿದರು. ನಾನು ಒಲೆ ಆರಿಸಿ ಬಾಗಿಲಿಗೆ ಓಡಿದ್ದೆ, ಪೆದ್ದಿ.

ಅದೇ ವರ್ಷ ಅವರು ರಿಟೈರ್ ಆದರು. ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದವರು ಅಂತ ಚನ್ನರಾಯಪಟ್ಟಣದ ಕೇಬಲ್ ಚಾನೆಲ್ಲಿನವರು ಬಂದು ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದರು. 'ಪ್ರಯಾಣಿಕರ ಗಮನಕ್ಕೆ, ಅರಕಲಗೂಡು ಮಾರ್ಗವಾಗಿ ಕೊಣನೂರಿಗೆ ಹೋಗುವ ಬಸ್ಸು ಆರನೇ ಅಂಕಣದಲ್ಲಿ ನಿಂತಿದೆ' ಅಂತ ಮೈಕಲ್ಲಿ ಪುಸ್ತಕದ ಕನ್ನಡ. ಮೈಕ್ ಕೆಳಗಿಟ್ಟ ತಕ್ಷಣ 'ಓಡ್ಬ್ಯಾಡ ಕಣ್ಲಾ, ಬಸ್ಸು ಎಲ್ಲೂ ಓಗಾಕಿಲ್ಲ'. ಎರಡೂ ಅದರಲ್ಲಿ ಬಂದಿತ್ತು. ನಿನ್ನ ಮದುವೆ ಮಾತು ಬಂದಾಗ ನಾಚಿಕೊಂಡು ನಕ್ಕಿದ್ದೂ ಬಂದಿತ್ತು. ಚಾನೆಲ್ಲಿನವರು ಹಾಕಿದ್ದು ಒಂದೇ ಸಲ. ಉಳಿದದ್ದು ನಮ್ಮ ಡಬ್ಬದಲ್ಲಿ ಮಾತ್ರ. ನೀನೂ ಮಾನ್ಯಾನೂ ಒಂದೇ ಫೋನಲ್ಲಿ ಅದನ್ನ ಹಾಕಿಕೊಂಡು ನೋಡುವಾಗ, ತನ್ನೂರಿನ ಹೆಸರು ಬಂದಾಗಲೆಲ್ಲ ಅವಳು ಅಳ್ತಿದ್ದಳಂತೆ. ಹೇಳಿಕೊಂಡು ಇಲ್ಲೂ ಅತ್ತಳು.

ಹೋದ ವರ್ಷ ದೀಪಾವಳಿಗೆ ನಿಮ್ಮಪ್ಪನ ದನಿ ಒಡೆಯಿತು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿಸಿದೆ. ಕೊನೆಗೆ ಗಂಟಲ ಕ್ಯಾನ್ಸರ್ ಅಂದರು, ಮುಂದಿನದೆಲ್ಲ ನಿನಗೇ ಗೊತ್ತು. ಜನವರಿಯಲ್ಲಿ ಇದ್ದಬದ್ದ ರಜ ಎಲ್ಲ ಹಾಕಿ ಬಂದೆ. ಡಾಕ್ಟರು ಗಂಟಲಿನ ಪೆಟ್ಟಿಗೆ ತೆಗೆದರೆ ಬದುಕ್ತಾರೆ, ಮಾತು ಹೋಗುತ್ತೆ ಅಂದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ನೀನು ಅವರ ಮಂಚದ ಹತ್ತಿರ ಬಗ್ಗಿ 'ಅಪ್ಪಾ, ಮಾತು ಇಲ್ದಿದ್ರೂ ನೀವಿರ್ತೀರಲ್ಲಪ್ಪಾ' ಅಂದೆ. ಅವರು ನಿನ್ನ ತಲೆ ಸವರಿ ಹೂಂ ಅಂದರು. ಅದೇ ಅವರು ನಿನ್ನ ಜೊತೆ ಆಡಿದ ಕೊನೇ ಮಾತು. ಕಾಗದಕ್ಕೆ ಸಹಿ ಹಾಕಿದ್ದು ನೀನು. ಉಸಿರಾಡೋಕೆ ಕತ್ತಿನಲ್ಲಿ ಮಾಡಿದ ತೂತು ಹೇಗೆ ಶುಚಿ ಮಾಡಬೇಕು, ಕಫ ಕಟ್ಟಿದರೆ ಏನು ಮಾಡಬೇಕು ಅಂತ ನನಗೆ ಹದಿನೈದು ದಿನ ಕಲಿಸಿ, ವಿಮಾನ ಹತ್ತಿದೆ.

ಆಮೇಲೆ ಮನೆ ಹೇಗಿತ್ತು ಅಂತ ನಾನು ಫೋನಲ್ಲಿ ಪೂರ್ತಿ ಹೇಳಲಿಲ್ಲ. ಅಂಗನವಾಡಿಯಿಂದ ಒಂದು ಸ್ಲೇಟು ತಂದುಕೊಟ್ಟೆ. ಮೊದಮೊದಲು ತುಂಬ ಬರೆಯೋರು, ಉಪ್ಪು ಜಾಸ್ತಿ ಅಂತ ಬರೆದು ಪಕ್ಕದಲ್ಲಿ ಸೊಟ್ಟ ಮೂತಿ ಬಿಡಿಸೋರು. ನನ್ನ ಕರೀಬೇಕಾದರೆ ಚಪ್ಪಾಳೆ. ನಾನು ಬಚ್ಚಲಲ್ಲಿದ್ದರೆ ಕೇಳಿಸ್ತಿರಲಿಲ್ಲ, ಬಂದು ನೋಡಿದರೆ ಅಂಗೈ ಕೆಂಪಗೆ ಮಾಡ್ಕೊಂಡು ಕೂತಿರೋರು. ಪೇಟೆಗೆ ಹೋಗೋದು ಬಿಟ್ಟರು. 'ಏನ್ ರಂಗಸ್ವಾಮಣ್ಣ, ಮೈಕ್ ಎಲ್ಲಿ' ಅಂತ ಯಾರೋ ಗೊತ್ತಿಲ್ಲದೆ ಕೇಳಿದ್ದರಂತೆ. ದಿನಾ ಸಂಜೆ ಆ ಅರ್ಧ ಗಂಟೆ ಹಾಕಿಕೊಂಡು ಒಬ್ಬರೇ ನೋಡೋರು. ಬೇಸಿಗೆ ಕಳೆಯೋ ಹೊತ್ತಿಗೆ ಅದೂ ನಿಂತಿತು. ಸ್ಲೇಟಿನ ಮೇಲೂ ಒಂದೊಂದೇ ಪದ.

ಆಗಸ್ಟಲ್ಲಿ ಕಾಯಿಲೆ ಮತ್ತೆ ಕಾಣಿಸಿತು, ಸೆಪ್ಟೆಂಬರ್ ಐದನೇ ತಾರೀಕು ಹೋದರು. ನಿನಗೆ ರಜ ಸಿಗಲಿಲ್ಲ. ಫೋನಲ್ಲೇ ಮಣ್ಣು ನೋಡಿದೆ, ಫೋನಿಗೆ ಜನ ಅಡ್ಡ ಬಂದು ನಿನಗೆ ಮುಖವೂ ಸರಿಯಾಗಿ ಕಾಣಲಿಲ್ಲವಂತೆ. ಹನ್ನೊಂದನೇ ದಿನ ನಾವಿಲ್ಲಿ ಎಡೆ ಇಟ್ಟಾಗ ನೀನಲ್ಲಿ ಅಪ್ಪನ ದನಿ ಕೇಳಬೇಕು ಅಂತ ಆ ಕಾರ್ಯಕ್ರಮ ಹುಡುಕಿದೀಯ. ಇರಲಿಲ್ಲ. ನಿನ್ನ ಧಾರಾವಾಹಿ, ಹಾಡಿನ ಸ್ಪರ್ಧೆ, ಅವೇ ಸಾಲುಸಾಲಾಗಿ ತುಂಬಿಕೊಂಡಿದ್ದವು. ಡಬ್ಬ ತುಂಬಿದರೆ ಹಳೇದನ್ನ ತಾನೇ ತೆಗೆದುಹಾಕುತ್ತೆ ಅಂತ ನಮಗೆ ಹೇಳಿಕೊಟ್ಟವಳು ನೀನೇ. 'ಅಮ್ಮಾ, ಅಪ್ಪನ ಗಂಟಲು ಕುಯ್ಯಿಸಿದ್ದೂ ನಾನೇ, ಉಳಿದಿದ್ದ ದನಿ ಅಳಿಸಿದ್ದೂ ನಾನೇ' ಅಂತ ಕಿರುಚಿದೆಯಲ್ಲ, ಎಡೆ ಮುಂದೆ ಕೂತಿದ್ದ ನೆಂಟರೆಲ್ಲ ನನ್ನ ಫೋನಿನ ಕಡೆ ತಿರುಗಿದರು. ನಾನು ಸುಮ್ಮನಿದ್ದೆ. ನೀನು ಇಟ್ಟುಬಿಟ್ಟೆ.

ನಾನು ಕೈಕಟ್ಟಿ ಕೂತಿಲ್ಲ ಮೇಘಾ. ಡಬ್ಬ ಕಿತ್ತು ಕೈಚೀಲದಲ್ಲಿ ಹಾಕಿಕೊಂಡು ಹಾಸನಕ್ಕೆ ಹೋದೆ. ಬಸ್ಸಲ್ಲಿ ಅದನ್ನ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ, ಪಕ್ಕದೋಳು ದೇವರ ಪೆಟ್ಟಿಗೆಯಾ ಅಂತ ಕೇಳಿದಳು. ಸಿದ್ದೇಶ್ವರ ಒಳ್ಳೆಯವನು, ಬಿಚ್ಚಿ ಎರಡು ದಿನ ಇಟ್ಟುಕೊಂಡು ನೋಡಿದ. 'ಅಮ್ಮಾ, ಅಳಿಸಿದ ಮೇಲೆ ಅದರ ಜಾಗದಲ್ಲಿ ಬೇರೇದು ಎಷ್ಟೋ ಸಲ ಬಂದು ಕೂತದೆ. ಇನ್ನು ಬರಾಕಿಲ್ಲ' ಅಂದ. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಹೋದೆ. ಚಾನೆಲ್ ಆಫೀಸು ಇದ್ದ ಮಹಡಿಯಲ್ಲಿ ಈಗ ಹೊಲಿಗೆ ಕ್ಲಾಸು ನಡೀತದೆ. ಕ್ಯಾಮೆರಾ ಹಿಡಿದಿದ್ದವನ ಮನೆ ವಿಚಾರಿಸಿಕೊಂಡು ಹೋದೆ. ಅವನು ಹಳೇದು ಯಾವುದನ್ನೂ ಇಟ್ಟುಕೊಂಡಿಲ್ಲ. ನಿಮ್ಮ ಯಜಮಾನ್ರು ನೆನಪಿದಾರೆ, ನನಗೂ ಟೀ ಕೊಡಿಸಿದ್ರು ಅಂದ. ಆ ಮಾತೊಂದನ್ನ ತಗೊಂಡು ವಾಪಸ್ ಬಂದೆ. ಅಪ್ಪನ ದನಿ ಇನ್ನೆಲ್ಲೂ ಇಲ್ಲ, ಮಗಳೆ. ಇದೆ ಅಂತ ಸುಳ್ಳು ಬರೆದು ನಿನ್ನಲ್ಲಿ ಆಸೆ ಹುಟ್ಟಿಸಲ್ಲ.

ಆಪರೇಷನ್ ವಿಷಯಕ್ಕೆ ನಿನ್ನನ್ನ ನೀನು ಬೈದುಕೊಳ್ಳಬೇಡ. ಹೂಂ ಅಂದವರು ಅವರು. ನೀನು ನರ್ಸಾಗಿ ಅಲ್ಲ, ಮಗಳಾಗಿ ಹೇಳಿದ್ದು ಅಂತ ಅವರಿಗೆ ಗೊತ್ತಿತ್ತು. ಚಟ್ನಿಪುಡಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾನ್ಯಳ ಕೈಲಿ ಕಳಿಸ್ತಿದೀನಿ, ಅವಳಿಗೂ ಕೊಡು. ಅವಳನ್ನ ದೂರ ಮಾಡಬೇಡ, ನಿನ್ನ ಪಾಲಿಗೆ ಅಲ್ಲಿ ಇರೋದು ಅವಳೊಬ್ಬಳು. ಮನೆದೇವರು ರಂಗನಾಥ ನಿನಗೆ ನಿದ್ದೆ ಕೊಡಲಿ, ಅನ್ನ ಸೇರೋ ಹಾಗೆ ಮಾಡಲಿ. ಇದಕ್ಕಿಂತ ದೊಡ್ಡದು ಈಗ ಏನೂ ಬೇಡಿಕೊಳ್ತಿಲ್ಲ.

ಇಂತಿ ನಿನ್ನ ಅಮ್ಮ,
ಶಾಂತಕುಮಾರಿ

ತಾ.ಕ. ಮಾನ್ಯ ಬಂದುಬಿಟ್ಟಳು, ಕಾಫಿ ಕೊಟ್ಟು ಕೂರಿಸಿದೀನಿ, ಬಸ್ಸಿಗೆ ಹೊತ್ತಾಯಿತು. ಇಷ್ಟುದ್ದ ಬರೆದರೂ ಬರೀಬೇಕಾದ್ದು ಬರೆಯೋಕೆ ಕೈ ಏಳಲಿಲ್ಲ. ಅದನ್ನ ಅಳಿಸಿದ್ದು ನಿನ್ನ ಧಾರಾವಾಹಿ ಅಲ್ಲ ಮೇಘಾ, ನಾನು. ಜೂನಲ್ಲಿ ನಿಮ್ಮತ್ತೆ ಸಣ್ಣಕ್ಕ ನೆಂಟರನ್ನ ಕರಕೊಂಡು ಅಪ್ಪನ್ನ ನೋಡೋಕೆ ಬಂದಿದ್ದರು. ಎಲ್ಲರೂ ಕೂತು ಆ ಕಾರ್ಯಕ್ರಮ ಹಾಕಿಸಿಕೊಂಡರು. ನಿಮ್ಮಪ್ಪ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಕತ್ತಿನ ತೂತಿಗೆ ಕಫ ಕಟ್ಟಿಕೊಂಡಿದೆ. ಚಪ್ಪಾಳೆ ತಟ್ಟಿದಾರೆ, ಬಕೆಟ್ಟು ಬಡಿದಿದಾರೆ. ಒಳಗೆ ಟಿವಿಯಲ್ಲಿ ಅವರದೇ ದನಿ ಜೋರಾಗಿತ್ತು, ಯಾರಿಗೂ ಕೇಳಿಸಲಿಲ್ಲ. ಲೋಟ ತೊಳೆಯೋಕೆ ಅಂತ ನಾನು ಹೋಗದಿದ್ದರೆ ಆವತ್ತೇ ಮುಗೀತಿತ್ತು. ಮುಖ ನೀಲಿಗಟ್ಟಿತ್ತು. ನೀನು ಕಲಿಸಿದ ಹಾಗೆ ತೆಗೆದೆ. ನೆಂಟರು ಹೋದ ಮೇಲೆ ಸ್ಲೇಟಲ್ಲಿ ಬರೆದರು: 'ಅದ ತೆಗೆದ್ಬುಡು. ಅವನು ಮಾತಾಡ್ತಿದ್ರೆ ನಾನು ಯಾರ್ಗೂ ಕೇಳಾಕಿಲ್ಲ.' ಮೇಘಾಗೋಸ್ಕರ ಇರಲಿ ಅಂದೆ. ರಿಮೋಟು ನನ್ನ ಕೈಗೆ ಕೊಟ್ಟು ನಾನು ಒತ್ತೋವರೆಗೂ ಮಣಿಕಟ್ಟು ಬಿಡಲಿಲ್ಲ. ನಿನಗೆ ಹೇಳಬೇಡ ಅಂತಲೂ ಬರೆದರು. ಆದರೆ ಹನ್ನೊಂದನೇ ದಿನ ನಾನು ಸುಮ್ಮನಿದ್ದದ್ದು ಅವರಿಗೆ ಕೊಟ್ಟ ಮಾತಿಗಲ್ಲ. ನಿಜ ಗೊತ್ತಾದರೆ ನೀನೂ ನನ್ನ ಬಿಟ್ಟುಬಿಡ್ತೀಯ ಅನ್ನೋ ಭಯಕ್ಕೆ. ಒಂಬತ್ತು ವಾರ ನನ್ನ ಪಾಪ ನಿನ್ನ ತಲೆ ಮೇಲಿಟ್ಟು ಕೂತಿದ್ದೆ. ಬೈಯೋಕಾದರೂ ಒಂದು ಸಲ ಫೋನ್ ಮಾಡು ಕಂದ. ಎದುರು ಮಾತಾಡಲ್ಲ, ಕೇಳಿಸ್ಕೋತೀನಿ.