ರನ್‌ವೇ ಮೇಲಿನ ಗೋವಿನಜೋಳ

ಪುರ್ತಗೇರಿ
೧೪ ನವೆಂಬರ್ ೨೦೨೪

ಮುದ್ದಿನ ಮಗಳು ರಾಜೇಶ್ವರಿಗೆ ನಿನ್ನವ್ವನ ತುಂಬು ಹರಕೆಗಳು.

ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಮಾತಾಡಲು ಅಂಜಿಕೆ, ಪೊಲೀಸರು ಅದನ್ನೂ ಕೇಳಿಸಿಕೊಳ್ಳುತ್ತಾರಂತೆ. ನಿಮ್ಮ ನರಗುಂದದ ಸಂತೆಗೆ ಹೊರಟ ಪಕ್ಕದ ಮನೆಯ ನೀಲಾಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು.

ನಮ್ಮ ಹೊಲಕ್ಕೆ ಹತ್ತಿದ ಆ ಸಾಹುಕಾರರ ರನ್‌ವೇ ನಿನಗೆ ಗೊತ್ತಲ್ಲ. ಅವರ ಸಣ್ಣ ವಿಮಾನ ಬರುವುದು ಎಂದಾದರೊಮ್ಮೆ. ಉಳಿದ ದಿನ ಅದು ಊರವರ ಕಣ. ಮಳೆಗೆ ತೊಯ್ದ ಗೋವಿನಜೋಳವನ್ನು ಈ ಸಲವೂ ಅಲ್ಲೇ ತಾಡಪತ್ರಿ ಹಾಸಿ ಒಣಗಲು ಹರವಿದ್ದೆವು. ವಿಮಾನ ಬಂತೆಂದು ಅಲ್ಲಿನ ಕಾವಲುಗಾರ ಜಂಗ್ಲಿಸಾಬ ಸೀಟಿ ಊದಿದ ಕೂಡಲೇ ಕಾಳಿನ ಸಮೇತ ತಾಡಪತ್ರಿ ಎಳೆದುಕೊಂಡು ಓಡಿದೆವು. ಡಾಂಬರಿನ ಮೇಲೆ ಒಂದಿಷ್ಟು ಕಾಳು ಉಳಿದಿತ್ತು.

ನಿನ್ನಪ್ಪ ಕಸಬರಿಗೆ ಹಿಡಿದು ತಿರುಗಿ ಹೋದರು.

"ಬರ್ರಿ ಈ ಕಡೆ! ಬೊಗಸಿ ಕಾಳಿಗೆ ಜೀವಾ ಕೊಡ್ತೀರೇನು?" ಎಂದು ಹೊಯ್ಕೊಂಡೆ.

"ಲಕ್ಷ್ಮಿ ಅದಾಳ. ಗಾಲಿ ಕೆಳಗ ತುಳಸಲೇನು? ಬಂದೆ ತಡಿ."

ಎಂಥ ಹಟಮಾರಿ ಮನುಷ್ಯ! ಕಿವಿ ಬೇರೆ ಮಂದ. ನೆಲ ಮುಟ್ಟುವುದರಲ್ಲಿದ್ದ ವಿಮಾನ ಇವರನ್ನು ಕಂಡು ಮತ್ತೆ ಮೇಲೆದ್ದಿತು. ಗಾಳಿಗೆ ಇವರ ರುಮಾಲು ಹಾರಿ ಬಿತ್ತು. ವಿಮಾನ ಎಷ್ಟೋ ಮುಂದೆ ಹೋಗಿ ಇಳಿಯಿತು, ಅಷ್ಟರಲ್ಲಿ ರನ್‌ವೇ ಮುಗಿದೇ ಹೋಯಿತು. ನಿಲ್ಲಲಿಲ್ಲ ನೋಡು. ಜಾಲಿ ಬೇಲಿ ಮುರಿದು ನಮ್ಮ ಹಸಿ ಎರೆಹೊಲಕ್ಕೆ ನುಗ್ಗಿ ಮೂತಿ ಹುಗಿದುಕೊಂಡಿತು. ಒಳಗಿದ್ದವನು ಪೈಲಟ್ ಒಬ್ಬನೇ. ನಿನ್ನ ಗಂಡನ ವಯಸ್ಸು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ.

ದಿನಾ ಯಾರೋ ಅಧಿಕಾರಿಗಳು ಬರುತ್ತಾರೆ. ವಿಮಾನ ಮತ್ತೆ ಯಾಕೆ ಎದ್ದಿತು, ಅಡ್ಡ ಯಾರು ಬಂದರು ಎಂದು ಕೇಳುತ್ತಾರೆ. "ನಾ ಏನೂ ನೋಡಿಲ್ರಿ ಸಾಹೇಬ್ರ" ಎಂದುಬಿಟ್ಟ ಜಂಗ್ಲಿಸಾಬ. ಊರೂ ಬಾಯಿ ಮುಚ್ಚಿದೆ. ಆದರೆ ಆ ಹುಡುಗನಿಗೆ ಎಚ್ಚರವಾದರೆ ಕಂಡದ್ದನ್ನು ಹೇಳದೆ ಇರುತ್ತಾನೆಯೇ? ಜೀಪಿನ ಸದ್ದಾದರೆ ಸಾಕು, ಓಡಿ ಹೋಗಿ ಬಾಗಿಲ ಅಗಳಿ ಹಾಕುತ್ತೇನೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ.

ನಿನ್ನಪ್ಪ ಸರಿಯಾಗಿ ಉಣ್ಣುವುದಿಲ್ಲ. "ಹೋಗಿ ಖರೇ ಹೇಳಿಬಿಡ್ತೀನಿ" ಎನ್ನುತ್ತಾರೆ. ಈ ವಯಸ್ಸಿನಲ್ಲಿ ಜೈಲೇ? ಕಾಲು ಹಿಡಿದು ಕೂರಿಸಿದ್ದೇನೆ. ನಾನು ದೇವರ ಮುಂದೆ ದೀಪ ಹಚ್ಚಿ ಕೂತರೆ, "ಆ ಹುಡುಗನ ಸಲುವಾಗಿ ಚಲೋತ್ನಾಗ ಬೇಡ್ಕೊ" ಎಂದು ಹಿಂದಿನಿಂದ ಹೇಳುತ್ತಾರೆ.

ಮಕ್ಕಳ ನೆಗಡಿ ಹೋಯಿತೇ? ತಣ್ಣೀರಿನಲ್ಲಿ ಆಡಲು ಬಿಡಬೇಡ. ನಿನ್ನ ಮನೆ ತಂಪಾಗಿರಲಿ, ನಿನ್ನ ಕುಂಕುಮ ಗಟ್ಟಿಯಾಗಿರಲಿ.

ನಿನ್ನವ್ವ
ಶಂಕ್ರವ್ವ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಜಂಗ್ಲಿಸಾಬ ಬಂದ. ಪೈಲಟ್ ಕಣ್ಣು ಬಿಟ್ಟನಂತೆ. ಬಿಟ್ಟವನೇ ಕೇಳಿದ್ದು, "ಆ ಮುದುಕಪ್ಪ ಉಳದಾನೇನು?" ಅಂತ. ನಿನ್ನಪ್ಪ ಗೂಟದ ಮೇಲಿನ ಅಂಗಿ ತೊಟ್ಟು ಹುಬ್ಬಳ್ಳಿಗೆ ಹೊರಟೇಬಿಟ್ಟರು. ಹೊಸ್ತಿಲಲ್ಲಿ ನಿಂತು, "ದೇವ್ರು ನಿನ್ನ ಮಾತ ಕೇಳಿದ ನೋಡ" ಎಂದು ಕಣ್ಣೊರೆಸಿಕೊಂಡರು. ರಾಜವ್ವಾ, ಇಷ್ಟು ದಿನ ನಾನು ಬೇಡಿಕೊಂಡದ್ದು ಆ ಹುಡುಗ ಕಣ್ಣು ಬಿಡದಿರಲಿ ಎಂದು.